ಅರ್ಧ ಒಡತಿ

ಗಂಜಿಯಕ್ಕ ಎಂಬುದು ಲಾಂಡ್ರಿಯವರು ಇಟ್ಟ ಹೆಸರು. ಹೋಟೆಲುಗಳ ಮೇಜುಬಟ್ಟೆಗೆ ಹಾಕುವ ಗಂಜಿಯನ್ನು ಹದ ಮಾಡುವವಳು ಅವಳೇ, ಅದೊಂದು ಕಾರಣ. ಯಾರ ಮುಂದೂ ಬಗ್ಗದೆ ಬೆನ್ನು ನೆಟ್ಟಗೆ ಮಾಡಿಕೊಂಡು ನಡೆಯುತ್ತಿದ್ದಳು, ಅದು ಇನ್ನೊಂದು. ಲಾಂಡ್ರಿ ಅವಳ ಅಪ್ಪ ಕಟ್ಟಿದ್ದು. ಅಪ್ಪ ಹೋದ ಮೇಲೆ ಅಣ್ಣ ನಡೆಸುತ್ತಿದ್ದ. ಅವಳು ಮಾತ್ರ ಉಳಿದವರಂತೆಯೇ ಬೆಳಿಗ್ಗೆ ಬಂದು, ಏಪ್ರನ್ ಕಟ್ಟಿಕೊಂಡು, ಆವಿಯಲ್ಲಿ ಕಾಯುವ ದೊಡ್ಡ ಇಸ್ತ್ರಿ ರೋಲರಿನ ಮುಂದೆ ನಿಲ್ಲುತ್ತಿದ್ದಳು. ತಿಂಗಳ ಕೊನೆಗೆ ಉಳಿದವರ ಸಾಲಿನಲ್ಲೇ ನಿಂತು ಸಂಬಳ ತೆಗೆದುಕೊಳ್ಳುತ್ತಿದ್ದಳು. ಗಂಡನಿಂದ ಬೇರೆಯಾಗಿ ಮಗಳ ಕೈ ಹಿಡಿದು ತವರಿಗೆ ಬಂದವಳಿಗೆ ಅಣ್ಣ ಕೆಲಸ ಕೊಟ್ಟಿದ್ದಾನೆ, ಮನೆಯ ಹಿಂದಿನ ಎರಡು ಕೋಣೆ ಬಿಟ್ಟುಕೊಟ್ಟಿದ್ದಾನೆ, ಇನ್ನೇನು ಬೇಕು ಎಂದು ಜನವೂ ಅಂದುಕೊಂಡಿತ್ತು, ಅವಳೂ ಅಂದುಕೊಂಡಿದ್ದಳು.

ಆ ವರ್ಷ ವ್ಯಾಪಾರಗಳೆಲ್ಲ ನೆಲಕಚ್ಚಿದವು. ಹೋಟೆಲಿನಲ್ಲಿ ತಂಗುವವರೇ ಇಲ್ಲದ ಮೇಲೆ ಹಾಸಿಗೆಯ ಬಟ್ಟೆ ಕೊಳೆಯಾಗುವುದೆಲ್ಲಿಂದ? ಮೊದಲು ಕೊರಳ ತನಕ ತುಂಬಿ ಬರುತ್ತಿದ್ದ ವ್ಯಾನು ಅರ್ಧ ತುಂಬಿ ಬರತೊಡಗಿತು. ಕೊನೆಗೆ ಡ್ರೈವರ್ ಒಂದೆರಡು ಗಂಟುಗಳನ್ನು ತನ್ನ ಪಕ್ಕದ ಸೀಟಿನಲ್ಲೇ ಕೂರಿಸಿಕೊಂಡು, ಹೊಸದಾಗಿ ಮದುವೆಯಾದವರನ್ನು ಕರೆತಂದ ಹಾಗೆ ತಂದು ಇಳಿಸಿದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಆ ನಗು ಆರುವುದರೊಳಗೆ ಸಂಬಳ ನಿಂತಿತು. ಮುಂದಿನ ತಿಂಗಳು ಸೇರಿಸಿ ಕೊಡುತ್ತೇನೆ ಎಂದು ಅಣ್ಣ ಹೇಳಿದ. ಮುಂದಿನ ತಿಂಗಳೂ ಅದನ್ನೇ ಹೇಳಿದ.

ಒಂದು ಬೆಳಿಗ್ಗೆ ಅಣ್ಣ ತಂಗಿ ಎದುರುಬದುರು ಕೂತು ಟೀ ಕುಡಿದರು. ಸಕ್ಕರೆ ಕಡಿಮೆಯಾಯಿತೇನೋ ಎಂದು ಅಣ್ಣ ತಾನೇ ಅವಳ ಲೋಟಕ್ಕೆ ಒಂದು ಚಮಚ ಹಾಕಿ ಕದಡಿದ. ಅವಳು ಚಪ್ಪಲಿ ಮೆಟ್ಟಿ ಹೊರಟಾಗ ಹುಷಾರಾಗಿ ಹೋಗು ಅಂದ. ಲಾಂಡ್ರಿಯ ಬೀದಿಗೆ ತಿರುಗಿದವಳಿಗೆ ಕಂಡದ್ದು ಗೇಟಿನ ಹೊರಗೆ ಗುಂಪುಗೂಡಿದ ಜನ. ಒಳಗಿನಿಂದ ಯಂತ್ರದ ಸದ್ದಿಲ್ಲ, ಚಿಮಣಿಯಲ್ಲಿ ಹೊಗೆಯಿಲ್ಲ. ಗೇಟಿಗೆ ಹೊಸ ಬೀಗ ಬಿದ್ದಿತ್ತು. ಇಂದಿನಿಂದ ಕೆಲಸವಿಲ್ಲ, ಯಾರೂ ಬರಬೇಕಾಗಿಲ್ಲ ಎಂದು ಒಂದು ಹಾಳೆ ಅಂಟಿಸಿದ್ದರು. ಕೆಳಗೆ ಅಣ್ಣನ ಸಹಿ.

ಅವಳು ಓದಿದಳು, ಇನ್ನೊಮ್ಮೆ ಓದಿದಳು. ಬಾಯಲ್ಲಿ ಟೀಯ ಸಿಹಿ ಇನ್ನೂ ಹಾಗೇ ಇತ್ತು. ಸುತ್ತ ನಿಂತವರು ಹಾಳೆ ನೋಡುವುದನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದರು. ನನಗೆ ಗೊತ್ತಿರಲಿಲ್ಲ ಎಂದು ಅವಳು ಹೇಳಿದಳು. ಬಟ್ಟೆ ಮಡಿಸುವ ವಿಭಾಗದ ಒಬ್ಬಳು ಮೆಲ್ಲಗೆ, "ಒಂದೇ ಒಲೆಯಲ್ಲಿ ಉಣ್ಣೋರು ನೀವು. ಗೊತ್ತಿರಲಿಲ್ಲ ಅಂದ್ರೆ ಹೇಗಕ್ಕಾ ನಂಬೋದು?" ಅಂದಳು. ಬೇರೆ ಯಾರಾದರೂ ಹಾಗೆ ಹೇಳಿದ್ದರೆ ಅವಳೂ ನಂಬುತ್ತಿರಲಿಲ್ಲ.

ಮನೆಗೆ ಹೋದರೆ ಅಣ್ಣ ಅದೇ ಕುರ್ಚಿಯಲ್ಲಿ ಕೂತಿದ್ದ. ಮೊದಲೇ ಹೇಳಿದ್ದರೆ ಸುದ್ದಿ ಬೀದಿಗೆ ಬೀಳುತ್ತಿತ್ತು, ಜನ ಗಲಾಟೆ ಮಾಡುತ್ತಿದ್ದರು ಎಂದ. ಬ್ಯಾಂಕಿನವರು ಕತ್ತಿನ ಮೇಲೆ ಕೂತಿದ್ದಾರೆ, ಯಂತ್ರಗಳನ್ನು ಒಬ್ಬ ಸ್ನೇಹಿತ ಕೊಳ್ಳುತ್ತಾನೆ, ಅದರಲ್ಲಿ ಏನಾದರೂ ಉಳಿದರೆ ಕೆಲಸದವರಿಗೆ ನೋಡೋಣ ಎಂದ. ಉಳಿಯದಿದ್ದರೆ ಎಂದು ಅವಳು ಕೇಳಿದಳು. "ನೀನು ಮನೆ ಹೆಣ್ಣುಮಗಳು. ನಿನಗೆ ಊಟಕ್ಕೇನೂ ಕಮ್ಮಿ ಆಗಲ್ಲ. ಅವರ ಜೊತೆ ಹೋಗಿ ನಿಂತ್ಕೋಬೇಡ" ಎಂದ ಅಣ್ಣ.

ಅವಳು ಹೋಗಿ ನಿಂತಳು. ನಿಲ್ಲಿಸಿದ್ದು ಬಾಯ್ಲರ್ ನೋಡಿಕೊಳ್ಳುತ್ತಿದ್ದ ಮುದುಕ. ಅಪ್ಪನ ಕಾಲದಿಂದ ಇದ್ದವನು. ಎಲ್ಲರೂ ಅವನನ್ನು ಬಾಯ್ಲರ್ ಮಾವ ಅನ್ನುತ್ತಿದ್ದರು. ಅವಳು ಲಂಗ ತೊಟ್ಟು ಲಾಂಡ್ರಿಯಲ್ಲಿ ಓಡಾಡುತ್ತಿದ್ದಾಗ ಬಿಸಿ ಪೈಪಿನ ಹತ್ತಿರ ಹೋಗದಂತೆ ಗದರಿದವನು. ಅವನು ಬಂದು ಅಂಗಳದಲ್ಲೇ ನಿಂತು, ಕಾರ್ಮಿಕ ಇಲಾಖೆಗೆ ಎಲ್ಲರೂ ಸೇರಿ ದೂರು ಕೊಡುತ್ತಿದ್ದೇವೆ ಎಂದ. "ಮೊದಲನೇ ಸಹಿ ನಿಂದಿರಲಿ ಮಗಾ. ಒಡಹುಟ್ಟಿದವಳೇ ನಮ್ಮ ಕಡೆ ಇದ್ದಾಳೆ ಅಂದ್ರೆ ಅದಕ್ಕೊಂದು ತೂಕ" ಎಂದ. ಅಣ್ಣನ ವಿರುದ್ಧ ಸಹಿ ಹಾಕುವುದೆಂದರೆ ಕೂತ ಕೊಂಬೆಯನ್ನೇ ಕಡಿದ ಹಾಗೆ ಎಂದು ಅವಳಿಗೆ ಗೊತ್ತಿತ್ತು. ಆದರೆ ಗೇಟಿನ ಮುಂದೆ ತನ್ನನ್ನು ನೋಡಿದ ಆ ಕಣ್ಣುಗಳು ಮರೆಯಾಗಿರಲಿಲ್ಲ. ಸಹಿ ಹಾಕಿದಳು. ಅಮ್ಮ ಕಿಟಕಿಯಿಂದ ನೋಡುತ್ತಿದ್ದಳು. ಬೈಯುತ್ತಾಳೆ ಎಂದುಕೊಂಡರೆ ಕಿಟಕಿಯ ಬಾಗಿಲು ಎಳೆದುಕೊಂಡಳು. ಮುಖ ಸುಣ್ಣ ಬಳಿದ ಹಾಗಾಗಿತ್ತು.

ವಿಚಾರಣೆ ನಡೆದದ್ದು ಇಲಾಖೆಯ ಮೇಲಿನ ಮಹಡಿಯಲ್ಲಿ, ಉದ್ದನೆಯ ಮೇಜಿನ ಒಂದು ಕೋಣೆಯಲ್ಲಿ. ಅಧಿಕಾರಿ ನಡುವಯಸ್ಸಿನ ಹೆಂಗಸು, ನೆಗಡಿಯಾಗಿ ಮೂಗು ಕೆಂಪಾಗಿತ್ತು. ಮೇಜಿನ ಈ ಬದಿಗೆ ಕೆಲಸದವರು. ಎಲ್ಲರಿಗೂ ಕುರ್ಚಿ ಸಾಲದೆ ಹಿಂದೆ ಗೋಡೆಗೊರಗಿ ನಿಂತಿದ್ದರು. ಆ ಬದಿಗೆ ಅಣ್ಣ ಮತ್ತು ಅವನ ವಕೀಲ. ಬಾಯ್ಲರ್ ಮಾವ ಗಂಜಿಯಕ್ಕನನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡಿದ್ದ.

ಅಧಿಕಾರಿ ದೂರನ್ನು ಓದಿ ಹೇಳಿದರು. ವಕೀಲ ಎದ್ದುನಿಂತು, ಉಳಿದವರ ಮಾತು ಆಮೇಲೆ, ಮೊದಲನೇ ಸಹಿಯ ಬಗ್ಗೆ ನಮ್ಮ ಆಕ್ಷೇಪಣೆ ಇದೆ ಎಂದ. ಈಕೆ ಕಾರ್ಮಿಕಳೇ ಅಲ್ಲ. ತಂದೆ ತೀರಿಕೊಂಡ ಮೇಲೆ ಈ ಸಂಸ್ಥೆಯಲ್ಲಿ ಅರ್ಧ ಪಾಲು ಅಣ್ಣನದು, ಅರ್ಧ ಈಕೆಯದು. ಮಾಲೀಕಳೊಬ್ಬಳು ತನ್ನ ಮೇಲೆ ತಾನೇ ದೂರು ಕೊಟ್ಟಿದ್ದಾಳೆ, ಆದ್ದರಿಂದ ಈ ದೂರು ನಿಲ್ಲುವುದಿಲ್ಲ ಎಂದ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅವಸರವೂ ಇರಲಿಲ್ಲ. ಬಸ್ಸಿನ ವೇಳೆ ಹೇಳುವವರ ಹಾಗೆ ಹೇಳಿ ಕೂತುಬಿಟ್ಟ.

ಗಂಜಿಯಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಬೇರೆ ಯಾರದೋ ಸಂಗತಿ ಇಲ್ಲಿಗೆ ಬಂದು ಬೆರೆತುಹೋಗಿದೆ ಎಂದುಕೊಂಡಳು. ಅಣ್ಣನ ಕಡೆ ನೋಡಿದಳು, ಈಗ ತಪ್ಪೆಂದು ಹೇಳುತ್ತಾನೆ ಎಂದು. ಅಣ್ಣ ಸೀಲಿಂಗ್ ಫ್ಯಾನನ್ನು ನೋಡುತ್ತಿದ್ದ. ಅಪ್ಪ ತೀರಿಕೊಂಡ ವಾರದಲ್ಲಿ, ಅತ್ತೂ ಅತ್ತೂ ಕಣ್ಣು ಊದಿಕೊಂಡಿದ್ದಾಗ, ಬಾಯ್ಲರಿನ ಲೈಸೆನ್ಸ್ ಹೆಸರು ಬದಲಾಯಿಸಬೇಕು ಎಂದು ಅಣ್ಣ ಕೆಲವು ಹಾಳೆಗಳಿಗೆ ಸಹಿ ಹಾಕಿಸಿಕೊಂಡಿದ್ದು ನೆನಪಾಯಿತು. ಎಲ್ಲಿ ಹಾಕಬೇಕು ಎಂದಷ್ಟೇ ಅವಳು ಕೇಳಿದ್ದಳು.

ಗೋಡೆಗೊರಗಿ ನಿಂತವರ ನೋಟ ತನ್ನ ಬೆನ್ನಿಗೆ ನಾಟುತ್ತಿರುವುದು ಅವಳಿಗೆ ತಿಳಿಯುತ್ತಿತ್ತು. ಇದು ನಿಮಗೆ ಗೊತ್ತಿತ್ತೇ ಎಂದು ಅಧಿಕಾರಿ ಕೇಳಿದರು. ಇಲ್ಲ ಎಂದಳು ಅವಳು. ವಿಚಾರಣೆ ಮುಂದಿನ ವಾರಕ್ಕೆ ಹೋಯಿತು. ಮೆಟ್ಟಿಲಿಳಿಯುವಾಗ ಅವಳು ಬಾಯ್ಲರ್ ಮಾವನ ತೋಳು ಹಿಡಿಯಲು ಹೋದಳು. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

"ನೀವು ಮುಂದೆ ಹೋಗಿ ಅಮ್ಮಾವ್ರೇ" ಅಂದ.

ಹುಟ್ಟಿದಾಗಿನಿಂದ ಏಕವಚನದಲ್ಲಿ ಕರೆದವನು. ಕೆನ್ನೆಗೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಬೀದಿಯಲ್ಲಿ ಅವರೆಲ್ಲ ಗುಂಪಾಗಿ ಒಂದು ಕಡೆ ನಡೆದರು. ಅವಳು ಒಬ್ಬಳೇ ಇನ್ನೊಂದು ಕಡೆ ನಡೆದಳು. ಅವಳ ಬೆನ್ನು ಅವತ್ತು ನೆಟ್ಟಗಿರಲಿಲ್ಲ.

ಅಮ್ಮ ಹಾಸಿಗೆಯ ಮೇಲೆ ಕೂತು ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಗೊತ್ತಿತ್ತಾ ಎಂದು ಕೇಳಿದಾಗ ಅಮ್ಮನ ಕೈ ನಿಲ್ಲಲೂ ಇಲ್ಲ. ಅರ್ಧ ನಿನಗೆ ಎಂದು ಉಯಿಲಿನಲ್ಲಿ ಬರೆದವರು ನಿಮ್ಮಪ್ಪನೇ ಎಂದಳು. ಆಗ ನಿನ್ನ ವಿಚ್ಛೇದನದ ಕೇಸು ನಡೆಯುತ್ತಿತ್ತು. ನೀನು ಒಡತಿ ಎಂದು ಗೊತ್ತಾದರೆ ಮಗಳ ಜೀವನಾಂಶಕ್ಕೆ ಕಲ್ಲು ಬೀಳುತ್ತಿತ್ತು. ಅದಕ್ಕೇ ನಿನ್ನಣ್ಣ ಕೌಟುಂಬಿಕ ನ್ಯಾಯಾಲಯದಲ್ಲಿ ನಿಂತು, ನನ್ನ ತಂಗಿ ನನ್ನ ಹತ್ತಿರ ಸಂಬಳಕ್ಕೆ ದುಡಿಯುವವಳು, ಬೇರೇನೂ ಇಲ್ಲ ಎಂದು ಪ್ರಮಾಣ ಮಾಡಿ ಹೇಳಿದ, ನಿನ್ನ ಒಳ್ಳೆಯದಕ್ಕೇ ಹೇಳಿದ ಎಂದಳು.

ಕೇಸು ಮುಗಿದು ಎಷ್ಟು ಕಾಲವಾಯಿತು, ಆಮೇಲೆ ಯಾಕೆ ಹೇಳಲಿಲ್ಲ ಎಂದು ಇವಳು ಕೇಳಿದಳು. ಅಮ್ಮ ದಿಂಬಿನ ಚೀಲವನ್ನು ನಾಲ್ಕಾಗಿ ಮಡಿಸಿ ಗಂಟಿನ ಮೇಲಿಟ್ಟಳು.

"ಲಾಭ ಬರ್ತಿದ್ದಾಗ ಹೇಳಿದ್ರೆ ನೀನು ಪಾಲು ಕೇಳ್ತಿದ್ದೆ" ಎಂದಳು. "ಅವನಿಗೂ ಸಂಸಾರ ಇದೆ."

ಬೈದಿದ್ದರೆ ಬೈಗುಳಕ್ಕೆ ಉತ್ತರವಿರುತ್ತಿತ್ತು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಇಷ್ಟು ಸಲೀಸಾಗಿ, ನೀರು ಕೊಟ್ಟ ಹಾಗೆ ಹೇಳಿದ ಮಾತಿಗೆ ಏನು ಮಾಡುವುದು? ಅವಳು ಅಮ್ಮನ ಮುಖವನ್ನೇ ನೋಡುತ್ತ ನಿಂತಳು. ಹೆತ್ತವಳ ಮುಖ, ಪ್ರತಿ ಗೆರೆಯೂ ಗೊತ್ತಿದ್ದ ಮುಖ. ಅಂಗಡಿಯಲ್ಲಿ ಎದುರು ಸಿಕ್ಕ ಯಾರದೋ ಮುಖದಂತೆ ಕಂಡಿತು. ಲಾಭವಿದ್ದಾಗ ತಾನು ಆಳು, ನಷ್ಟವಾದಾಗ ತಾನು ಒಡತಿ. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಮಗಳು ಕಾಲೇಜಿನಿಂದ ಬಂದು ಏನಾಯಿತಮ್ಮ ಎಂದು ಕೇಳಿದಾಗ ತಟ್ಟೆ ಹಾಕಿ, ಮೊದಲು ಉಣ್ಣು ಎಂದಳು.

ಮುಂದಿನ ವಾರ ಅದೇ ಕೋಣೆ. ಅವಳು ಒಳಗೆ ಬಂದಾಗ ಈ ಬದಿಯ ಕುರ್ಚಿಗಳಲ್ಲಿ ಜಾಗವಿರಲಿಲ್ಲ, ಯಾರೂ ಸರಿದು ಕೂರಲೂ ಇಲ್ಲ. ಅಣ್ಣನ ಬದಿಯಲ್ಲಿ ಒಂದು ಕುರ್ಚಿ ಖಾಲಿಯಿತ್ತು. ಅವಳು ಹೋಗಿ ಅದರಲ್ಲೇ ಕೂತಳು. ಅಣ್ಣನ ಮುಖ ಅರಳಿತು. ತಂಗಿಗೆ ಬುದ್ಧಿ ಬಂತು ಎಂದುಕೊಂಡಿರಬೇಕು. ನೀರಿನ ಲೋಟವನ್ನು ಅವಳತ್ತ ಸರಿಸಿದ.

ಅವಳು ಮುಂಚೆಯೇ ಯೋಚಿಸಿದ್ದೆಂಬುದು ಏನೂ ಇರಲಿಲ್ಲ. ಆ ಬದಿಯಿಂದ ನೋಡಿದಾಗ ಮೊದಲ ಬಾರಿಗೆ ಅವರೆಲ್ಲರ ಮುಖಗಳೂ ಒಟ್ಟಿಗೆ ಕಂಡವು. ರೋಲರಿನ ಹಬೆಗೆ ಬೆಂದು ಕಪ್ಪಾದ ಕೈಗಳು, ಸೋಪಿನ ನೀರಿಗೆ ಸುಲಿದ ಬೆರಳುಗಳು, ಎಲ್ಲ ಮೇಜಿನ ಮೇಲಿದ್ದವು. ಅಂಥದೇ ಆದ ತನ್ನ ಕೈ ಮಾತ್ರ ಅವುಗಳ ನಡುವೆ ಇರಲಿಲ್ಲ. ಅದು ಅಣ್ಣನ ಬದಿಯಲ್ಲಿತ್ತು.

"ಒಂದು ಮಾತು ಕೇಳಬಹುದಾ?" ಎಂದಳು ಅಧಿಕಾರಿಗೆ. "ನಾನು ಅರ್ಧ ಮಾಲೀಕಳು ಅಂತ ಇವರೇ ಹೇಳಿದ್ರು. ಹಾಗಾದ್ರೆ ನಾನು ಆಡೋ ಮಾತು ಸಂಸ್ಥೆಯ ಮಾತು ಅಂತ ಲೆಕ್ಕವಾ?"

ಪಾಲುದಾರರಾದ ಮೇಲೆ ಹೌದು ಎಂದರು ಅಧಿಕಾರಿ. ವಕೀಲ ಪೆನ್ನು ಕೆಳಗಿಟ್ಟ. ಏನೋ ಹೇಳಲು ಎದ್ದ. ಅಷ್ಟರಲ್ಲಿ ಅವಳು ಮುಂದುವರಿಸಿಯಾಗಿತ್ತು.

"ಹಾಗಾದ್ರೆ ಬರ್ಕೊಳ್ಳಿ. ಅವರು ಹೇಳಿದ್ದೆಲ್ಲ ನಿಜ. ನೋಟಿಸ್ ಕೊಡದೆ ಬೀಗ ಹಾಕಿದ್ವಿ. ದುಡಿದ ಸಂಬಳ ಕೊಟ್ಟಿಲ್ಲ. ಅವರಿಗೆ ಕೊಡೋ ತನಕ ಒಂದು ಯಂತ್ರಾನೂ ಮಾರಬಾರದು, ಅದಕ್ಕೆ ನನ್ನ ಒಪ್ಪಿಗೆ ಇಲ್ಲ."

ಮಾತಾಡಿದ್ದು ತಾನೇ ಹೌದೇ ಎಂದು ಅವಳಿಗೇ ಅನುಮಾನವಾಯಿತು. ಅಣ್ಣ ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದ. ತಲೆ ಕೆಟ್ಟಿದೆಯೇನೆ ನಿನಗೆ, ನಿನ್ನದೂ ಮುಳುಗುತ್ತದೆ ಎಂದ. ಸುಮ್ಮನಿರುವಂತೆ ಅವನಿಗೆ ಹೇಳಿದ ಅಧಿಕಾರಿ, ಮೂಗೊರೆಸಿಕೊಂಡು, ಅವನು ಹೇಳುವುದರಲ್ಲಿ ಸುಳ್ಳೇನೂ ಇಲ್ಲ ಎಂದು ಅವಳಿಗೆ ಬಿಡಿಸಿ ಹೇಳಿದರು. ಯಂತ್ರಗಳಿಂದ ಬಂದದ್ದು ಸಾಲದೆ ಹೋದರೆ ಪಾಲುದಾರರ ಸ್ವಂತ ಆಸ್ತಿಯಿಂದ ತುಂಬಬೇಕಾಗುತ್ತದೆ. ನಿಮ್ಮ ಹೆಸರಲ್ಲಿ ಏನಿದೆ ಎಂದು ಕೇಳಿದರು. ಗಂಡನಿಂದ ಬೇರೆಯಾದಾಗ ಸಿಕ್ಕ ಒಂದು ಕೋಣೆಯ ಮನೆ ಇದೆ, ಅದರ ಬಾಡಿಗೆಯಲ್ಲಿ ಮಗಳನ್ನು ಓದಿಸುತ್ತಿದ್ದೇನೆ ಎಂದಳು. ಯೋಚನೆ ಮಾಡಿ ಹೇಳಿ, ವೇಳೆ ಕೊಡುತ್ತೇನೆ ಎಂದರು ಅಧಿಕಾರಿ. ನೀರಿಗಿಳಿದ ಮೇಲೆ ಚಳಿ ಎಂದು ಕೂತರೆ ಆಗುತ್ತದೆಯೇ? ಬರೆದುಕೊಳ್ಳಿ ಎಂದಳು.

ಕೆಲಸದವರಿಗೆ ಖುಷಿಪಡಬೇಕೋ ಬೇಡವೋ ಗೊತ್ತಾಗಲಿಲ್ಲ. ಬಾಯ್ಲರ್ ಮಾವ ಬಾಯಿ ತೆರೆದವನು ಮುಚ್ಚುವುದನ್ನು ಮರೆತು ಕೂತಿದ್ದ. ಹೊರಗೆ ಬಂದಾಗ ಯಾರೂ ಅವಳನ್ನು ಸುತ್ತುಗಟ್ಟಿ ಹೊಗಳಲಿಲ್ಲ. ಮಡಿಸುವ ವಿಭಾಗದವಳು ಮಾತ್ರ ಬಂದು ಪಕ್ಕದಲ್ಲಿ ನಿಂತು, ಸೆರಗಿನ ಅಂಚನ್ನು ತಿರುಗಿಸುತ್ತ, ಆ ಮನೆ ಉಳಿಯುತ್ತದೆಯೇ ಅಕ್ಕ ಎಂದು ಕೇಳಿದಳು. ಗೊತ್ತಿಲ್ಲ ಎಂದಳು ಗಂಜಿಯಕ್ಕ. ಈ ಬಾರಿ ಆ ಮಾತನ್ನು ಮಡಿಸುವವಳು ನಂಬಿದಳು.

ಮನೆ ಉಳಿಯಲಿಲ್ಲ. ಯಂತ್ರ ಮಾರಿ ಮೊದಲು ಸಂಬಳ ತೀರಿಸಿ ಎಂದು ಇಲಾಖೆಯ ಆದೇಶವಾಯಿತು. ಆ ವರ್ಷ ಯಂತ್ರ ಮಾರುವವರು ಬೀದಿಗೊಬ್ಬರಿದ್ದರು, ಕೊಳ್ಳುವವರಿಲ್ಲ. ಅಣ್ಣನ ಸ್ನೇಹಿತ ಹಿಂದೆ ಸರಿದ. ಇನ್ಯಾರೋ ಬಂದು ದೊಡ್ಡ ವಾಷಿಂಗ್ ಡ್ರಮ್ಮುಗಳನ್ನು ಗುಜರಿಗಿಂತ ಸ್ವಲ್ಪ ಮೇಲೆ ಒಯ್ದರು. ರೋಲರು ಬಾಗಿಲಲ್ಲಿ ಹಿಡಿಸದೆ ಗೋಡೆ ಒಡೆಸಬೇಕಾಯಿತು. ಬಂದದ್ದು ಸಾಲದೆ ಅಣ್ಣನ ವ್ಯಾನೂ ಹೋಯಿತು, ಅವಳ ಒಂದು ಕೋಣೆಯ ಮನೆಯೂ ಹೋಯಿತು; ಅಮ್ಮನ ಹೆಸರಲ್ಲಿದ್ದ ತವರುಮನೆ ಮಾತ್ರ ಉಳಿಯಿತು. ಕೆಲಸದವರಿಗೆ ಬರಬೇಕಾದದ್ದರಲ್ಲಿ ಬಹುಪಾಲು ಸಿಕ್ಕಿತು. ಅವಳಿಗೆ ಸಿಗಲಿಲ್ಲ. ಅಷ್ಟು ವರ್ಷ ರೋಲರಿನ ಮುಂದೆ ನಿಂತದ್ದಕ್ಕೆ ಕಾನೂನಿನಲ್ಲಿ ಹೆಸರಿರಲಿಲ್ಲ. ಒಡತಿಗೆ ಸಂಬಳ ಬಾಕಿ ಎಂಬುದು ಇರುವುದಿಲ್ಲವಂತೆ.

ಅಷ್ಟಕ್ಕೇ ಮುಗಿಯಲಿಲ್ಲ. ಗಾಯದ ಮೇಲೆ ಬರೆ ಎಂಬಂತೆ ಕೌಟುಂಬಿಕ ನ್ಯಾಯಾಲಯದಿಂದ ಕರೆ ಬಂತು. ಅವಳ ಮಾಜಿ ಗಂಡ ಒಂದು ಹೋಟೆಲಿನ ರಿಸೆಪ್ಷನ್ನಿನಲ್ಲಿ ಕೂತು ಬಂದವರ ಹೆಸರು ಬರೆದುಕೊಳ್ಳುವವನು. ಹೋಟೆಲು ಖಾಲಿಯಾಗಿ ಅವನಿಗೆ ಅರ್ಧ ಸಂಬಳವಾಗಿತ್ತು. ಮಗಳ ಜೀವನಾಂಶ ಕಡಿಮೆ ಮಾಡಿ, ತಾಯಿ ಲಾಂಡ್ರಿಯ ಮಾಲೀಕಳು ಎಂದು ಈಗ ತಿಳಿದುಬಂದಿದೆ ಎಂದು ಕೇಳಿಕೊಂಡಿದ್ದ. ನ್ಯಾಯಾಧೀಶರು ಅಣ್ಣನ ಹಳೆಯ ಹೇಳಿಕೆಯನ್ನೂ ಕಾರ್ಮಿಕ ಇಲಾಖೆಯ ಹೊಸ ಆದೇಶವನ್ನೂ ಎರಡು ಕೈಯಲ್ಲಿ ಹಿಡಿದು, ಇದರಲ್ಲಿ ಯಾವುದು ನಿಜ ಎಂದು ಕೇಳಿದರು.

"ದುಡಿದಿದ್ದು ಆಳಿನ ಹಾಗೆ, ಕಳ್ಕೊಂಡಿದ್ದು ಮಾಲೀಕಳ ಹಾಗೆ ಸ್ವಾಮಿ" ಎಂದಳು. "ಈಗ ಎರಡೂ ಅಲ್ಲ."

ತಂದೆಗೆ ಪೂರ್ತಿ ಸಂಬಳ ಬರುವ ತನಕ ಮಗಳ ಜೀವನಾಂಶ ಅರ್ಧ ಎಂದು ತೀರ್ಪಾಯಿತು. ಹೊರಗಿನ ಬೆಂಚಿನಲ್ಲಿ ಮಾಜಿ ಗಂಡ ಕೂತಿದ್ದ. ಅವನ ಅಂಗಿಯ ಕಾಲರು ಸವೆದು ದಾರ ಎದ್ದಿತ್ತು. ಒಂದು ಕಾಲದಲ್ಲಿ ಅಂಗಿ ಸ್ವಲ್ಪ ಮುದುಡಿದ್ದರೂ ಮನೆಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದವನು. ನಿನಗೆ ನಿಜವಾಗಿ ಗೊತ್ತಿರಲಿಲ್ಲವಾ ಎಂದು ಕೇಳಿದ. ಇಲ್ಲವೆಂದಳು. ನಾನೂ ಆಗ ನಿಮ್ಮಣ್ಣ ಹೇಳಿದ್ದನ್ನು ನಂಬಿದ್ದೆ ಎಂದ. ಮಗಳು ಹೇಗಿದ್ದಾಳೆ ಎಂದು ಕೇಳಿ, ಉತ್ತರ ಪೂರ್ತಿ ಕೇಳಿಸಿಕೊಂಡು ಎದ್ದುಹೋದ.

ಗಂಜಿಯಕ್ಕನಿಗೆ ಒಂದು ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಕೆಲಸ ಸಿಕ್ಕಿತು. ಸಂಬಳ ಹಿಂದಿನದಕ್ಕಿಂತ ಕಡಿಮೆ. ಮಗಳು ಸಂಜೆ ಮಕ್ಕಳಿಗೆ ಪಾಠ ಹೇಳಿಕೊಡತೊಡಗಿದಳು. ಅಣ್ಣ ಬೇರೆಯವರ ವ್ಯಾನು ಓಡಿಸುತ್ತಿದ್ದ. ಒಂದೇ ಅಂಗಳ, ಒಂದೇ ನಲ್ಲಿ; ಎದುರು ಬಂದರೆ ಅಣ್ಣ ಗೋಡೆ ನೋಡಿಕೊಂಡು ಹೋಗುತ್ತಿದ್ದ. ಅಮ್ಮ ಆ ಕಡೆಯ ಒಲೆಯಿಂದ ಈ ಕಡೆಯ ಒಲೆಗೆ, ಈ ಕಡೆಯಿಂದ ಆ ಕಡೆಗೆ ಪಾತ್ರೆ ಸಾಗಿಸುತ್ತ, ಯಾರ ಪರವೂ ಮಾತಾಡದೆ ಕಾಲ ಹಾಕುತ್ತಿದ್ದಳು. ಅಮ್ಮ ಕೊಟ್ಟದ್ದನ್ನು ಇವಳು ತಿನ್ನುತ್ತಿದ್ದಳು. ಆದರೆ ಅಮ್ಮ ಮಾತಾಡಲು ಶುರುಮಾಡಿದರೆ, ಮುಂದೆ ಏನು ಬರುತ್ತದೋ ಎಂದು ಈಗಲೂ ಮೈ ಬಿಗಿಯಾಗುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಅತ್ತಿಗೆ ಹಿಂದಿನ ಬಾಗಿಲಿಗೆ ಬಂದಳು. ಬೀಗ ಬಿದ್ದ ದಿನದಿಂದ ಅವಳು ಈ ಕಡೆ ಕಾಲಿಟ್ಟಿರಲಿಲ್ಲ. ಜಗಳಕ್ಕೆ ಬಂದಳೆಂದು ಗಂಜಿಯಕ್ಕ ಎದ್ದುನಿಂತಳು. ಅತ್ತಿಗೆ ಹೊಸ್ತಿಲ ಮೇಲೇ ಕುಸಿದು ಕೂತಳು. ಬೆಳಿಗ್ಗೆ ಬ್ಯಾಂಕಿನವರು ಬಂದಿದ್ದರಂತೆ. ಅಣ್ಣ ಬಚ್ಚಲಿನಲ್ಲಿದ್ದ, ಇವಳೇ ಬಾಗಿಲು ತೆಗೆದಳಂತೆ. ಅವರು ಅಣ್ಣನನ್ನು ಕೇಳಲಿಲ್ಲ. ಇವಳ ಹೆಸರು ಹಿಡಿದು, ಲಾಂಡ್ರಿಯ ಸಾಲಕ್ಕೆ ನೀವೇ ಜಾಮೀನು ನಿಂತವರಲ್ಲವೇ ಎಂದರಂತೆ. ತವರಿನವರು ಕೊಟ್ಟ ನಿವೇಶನವನ್ನೂ ಬರೆದುಕೊಂಡಿದ್ದಾರಂತೆ.

"ಯಾವಾಗ ಸಹಿ ಹಾಕಿದೆ ಅಂತಾನೇ ನೆನಪಿಲ್ಲ" ಎಂದಳು ಅತ್ತಿಗೆ. ಅವಳ ಕಣ್ಣುಗಳು ದೊಡ್ಡದಾಗಿ, ನೀರಿಲ್ಲದೆ ತೆರೆದಿದ್ದವು. "ಎಲ್ಲಿ ಹಾಕಬೇಕು ಅಂತ ಅಷ್ಟೇ ಕೇಳಿರ್ತೀನಿ."

ಅವತ್ತು ಗಂಜಿಯಕ್ಕ ಕೇಳಿದ್ದೂ ಅಷ್ಟನ್ನೇ. ಮುಂದಿನ ಮನೆಯಲ್ಲಿ ನೆಮ್ಮದಿಯಾಗಿ ಕೂತು ಎಲ್ಲ ತಿಳಿದೇ ನಕ್ಕವಳು ಇವಳು ಎಂದು ಇಷ್ಟು ದಿನವೂ ಹಲ್ಲು ಕಚ್ಚಿದ್ದಳು. ಬೈಯುವುದಕ್ಕೆಂದು ಕೂಡಿಟ್ಟುಕೊಂಡಿದ್ದ ಮಾತುಗಳಿದ್ದವು. ಅವನ್ನು ಅಲ್ಲೇ ಬಿಟ್ಟು ಒಳಗಿನಿಂದ ನೀರು ತಂದು ಕೊಟ್ಟಳು. ಅತ್ತಿಗೆ ಕುಡಿಯದೆ ಲೋಟ ಹಿಡಿದೇ ಕೂತಳು.

ನಾಳೆ ನನಗೆ ರಜೆ, ಬ್ಯಾಂಕಿಗೆ ಇಬ್ಬರೂ ಹೋಗಿ ನಿಮ್ಮ ಹೆಸರಲ್ಲಿ ಏನೇನಿದೆ ಎಂದು ಮೊದಲು ಕೇಳೋಣ ಎಂದಳು ಗಂಜಿಯಕ್ಕ. ಅಣ್ಣನಿಗೆ ಹೇಳಬೇಕೇ ಎಂದು ಅತ್ತಿಗೆ ಕೇಳಿದಳು. ಹೇಳಿಯೇ ಹೋಗೋಣ ಎಂದಳು ಇವಳು, ಮತ್ತು ಅತ್ತಿಗೆ ಏಳುವುದಕ್ಕೆ ಕೈ ಕೊಟ್ಟಳು.